ತವರಿನ ನಂಬರು

ಮನೆಗೆ ವೈಫೈ ಬಂದ ದಿನ ಸರಣ್ಯಾ ಮೊದಲು ಮಾಡಿದ ಕೆಲಸ ಅಡುಗೆಮನೆಯ ಅಟ್ಟದ ಮೇಲಿದ್ದ ಹಿತ್ತಾಳೆ ಅಂಡೆ, ಸ್ಟೀಲ್ ಡಬ್ಬಗಳನ್ನೆಲ್ಲ ಕೆಳಗಿಳಿಸಿದ್ದು. ವೈಫೈ ಪೆಟ್ಟಿಗೆಯ ಸುತ್ತ ಪಾತ್ರೆಗಳಿದ್ದರೆ ಸಿಗ್ನಲ್ ಅಲ್ಲೇ ನಿಂತುಬಿಡುತ್ತದೆ, ಎತ್ತರದಲ್ಲಿ ಒಂಟಿಯಾಗಿಟ್ಟರೆ ಒಳಕೋಣೆವರೆಗೂ ಬರುತ್ತದೆ ಎಂದಳು. ಅವಳ ತಾಯಿ ಚಿನ್ನಮ್ಮಾಳ್‌ಗೆ ಅಂಡೆಯನ್ನು ಇನ್ನೆಲ್ಲಿಡುವುದು ಎಂಬ ಚಿಂತೆ. ಆದರೂ ಮಗಳು ಹೇಳಿದಂತೆಯೇ ಆಯಿತು. ಫೋನು, ಇಂಟರ್‌ನೆಟ್ಟಿನ ವಿಷಯದಲ್ಲಿ ಆ ಮನೆಯಲ್ಲಿ ಸರಣ್ಯಾಳ ಮಾತಿಗೆ ಎದುರು ಮಾತಿರಲಿಲ್ಲ.

ತಮಿಳುನಾಡಿನ ಚಿನ್ನಮನೂರಿನ ಹೊರಗೆ, ಬಾಳೆತೋಟಗಳ ಅಂಚಿನಲ್ಲಿ ಅವರ ಮನೆ. ತಂದೆ ರಾಮರ್ ಮೂರು ಎಕರೆ ಬಾಳೆ, ಎರಡು ಎಕರೆ ಭತ್ತ ನೋಡಿಕೊಳ್ಳುತ್ತಿದ್ದ. ರಾಮರನ ತಾಯಿ ಕಾಮಾಕ್ಷಿಯಮ್ಮಾಳ್‌ಗೆ ಎಂಬತ್ತು ದಾಟಿತ್ತು. ಸರಣ್ಯಾ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಒಳಕೋಣೆಯಲ್ಲಿ ಕೂತು ತಿರುಪ್ಪೂರು, ಕೊಯಮತ್ತೂರಿನ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಿದ್ದಳು. ಪೂರ್ವಿಕರು ಯಾವ ಕಾಲದಲ್ಲೋ ಮೇಲಿನ ಸೀಮೆಯಿಂದ ಬಂದು ನೆಲೆಸಿದ ಕನ್ನಡದ ಮನೆತನ ಅದು. ಹಿರಿಯರು ಮೂವರೂ ಮನೆಯೊಳಗೆ ಕನ್ನಡವನ್ನೇ ಆಡುತ್ತಿದ್ದರು. ಸರಣ್ಯಾಗೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು.

ತಾಯಿಗೆ ಸ್ಮಾರ್ಟ್‌ಫೋನ್ ಕೊಡಿಸಿದವಳು ಅವಳೇ. ಅಕ್ಷರ ದೊಡ್ಡದು ಮಾಡಿಕೊಟ್ಟಳು. ವಾಟ್ಸಾಪಿನಲ್ಲಿ ಬೆಳಗಾದರೆ ಬರುವ ಹೂವು, ದೇವರ ಚಿತ್ರಗಳು ತಾವಾಗಿ ಇಳಿದು ಡೇಟಾ ತಿನ್ನದಂತೆ ನಿಲ್ಲಿಸಿದಳು. ವಿಡಿಯೊ ನೋಡುವಾಗ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದರೆ ಅರ್ಧ ಡೇಟಾ ಉಳಿಯುತ್ತದೆ ಎಂದು ತೋರಿಸಿದಳು. ಸಿಗ್ನಲ್ ಸಿಕ್ಕಿಕೊಂಡರೆ ವಿಮಾನದ ಗುರುತು ಒತ್ತಿ, ಹತ್ತು ಎಣಿಸಿ, ಮತ್ತೆ ಬಿಡಬೇಕು. ಬರೆಯಲು ಬಾರದಿದ್ದರೆ ಮೈಕಿನ ಗುರುತು ಒತ್ತಿ ಮಾತಾಡಿದರೆ ಸಾಕು. ಚಿನ್ನಮ್ಮಾಳ್ ಎಲ್ಲವನ್ನೂ ಕಲಿತು ಬೀದಿಯ ಹೆಂಗಸರಿಗೂ ಹೇಳಿಕೊಟ್ಟಳು. ಯಾರು ಕಲಿಸಿದ್ದು ಎಂದು ಕೇಳಿದರೆ, ನನ್ನ ಮಗಳು ಎನ್ನುವಾಗ ಅವಳ ಮುಖ ಅರಳುತ್ತಿತ್ತು.

ಆದರೆ ಆ ಫೋನು ಅವಳಿಗೆ ನಿಜವಾಗಿ ಬೇಕಿದ್ದದ್ದು ಅಣ್ಣ ಮಲ್ಲಯ್ಯನ ಜೊತೆ ಮಾತಾಡಲು. ಮಲ್ಲಯ್ಯ ಚಿನ್ನಾಳಪಟ್ಟಿಯ ಹತ್ತಿರದ ಹಳ್ಳಿಯಲ್ಲಿದ್ದ. ದಿಂಡಿಗಲ್ ಮಾರುಕಟ್ಟೆಯಲ್ಲಿ ಅವನಿಗೆ ಹೂವಿನ ಮಂಡಿ. ವಾರಕ್ಕೆ ಮೂರು ನಾಲ್ಕು ಸಲ, ಮಂಡಿ ಮುಗಿದ ಮೇಲೆ ಅವನು ಫೋನ್ ಮಾಡುತ್ತಿದ್ದ. ಅಣ್ಣ ತಂಗಿ ಕನ್ನಡದಲ್ಲಿ ಮಲ್ಲಿಗೆ ದರದಿಂದ ಹಿಡಿದು ಅಪ್ಪ ಅಮ್ಮ ಇದ್ದ ಕಾಲದವರೆಗೂ ಹೋಗಿ ಬರುತ್ತಿದ್ದರು.

ಅಣ್ಣನ ಮಗ ಅಜಿತ್‌ಕುಮಾರ್‌ಗೆ ಸರಣ್ಯಾಳನ್ನು ಕೊಡುವುದೆಂದು ಚಿನ್ನಮ್ಮಾಳ್ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ದೀಪಾವಳಿಗೆ ಅಣ್ಣನ ಮನೆಗೆ ಹೋದಾಗ ಯಾರನ್ನೂ ಕೇಳದೆ ಬಾಯಿಬಿಟ್ಟು ಹೇಳಿಯೂ ಬಂದಳು. ಒಳ್ಳೆಯ ದಿನ ನೋಡಿ ನಾನೇ ಫೋನ್ ಮಾಡುತ್ತೇನೆ ಎಂದಿದ್ದ ಮಲ್ಲಯ್ಯ.

ಆ ಫೋನು ಬರಲಿಲ್ಲ, ವಾರವಾರದ ಮಾತೂ ನಿಂತುಹೋಯಿತು. ಕಾರ್ತಿಗೈ ದೀಪ ಕಳೆಯಿತು, ಮಾರ್ಗಳಿ ಕಳೆಯಿತು. ಹೆಣ್ಣಿನ ಕಡೆಯವರು ತಾವಾಗಿ ಕೇಳುವುದು ಹೇಗೆಂದು ಚಿನ್ನಮ್ಮಾಳ್ ಸುಮ್ಮನಿದ್ದಳು. ಪೊಂಗಲ್‌ಗೆ ಅಣ್ಣ ಖಂಡಿತ ಬರುತ್ತಾನೆ ಎಂದುಕೊಂಡಳು. ಮದುವೆಯಾಗಿ ಇಪ್ಪತ್ತೇಳು ವರ್ಷ, ಒಂದು ಪೊಂಗಲ್‌ಗೂ ಅಕ್ಕಿ, ಬೆಲ್ಲ, ಅರಿಸಿನದ ಗೊಂಚಲು, ಸೀರೆ ಹಿಡಿದು ತವರಿನ ಸೀರು ತರುವುದನ್ನು ಅವನು ತಪ್ಪಿಸಿರಲಿಲ್ಲ. ಈ ಸಲ ಬೆಳಗಿನಿಂದ ಅವಳು ಎರಡು ಬಾರಿ ಬಸ್ ನಿಲ್ದಾಣದ ಕಡೆಗೆ ಹೋಗಿ ಬಂದಳು. ಮಧ್ಯಾಹ್ನ ಪೊಂಗಲ್ ತಣ್ಣಗಾಯಿತು. ಕೊನೆಗೆ ಅವಳೇ ನಂಬರ್ ಒತ್ತಲು ಹೋದಾಗ ರಾಮರ್ ಫೋನನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟ. ಸೀರು ಕೊಡಿ ಎಂದು ಕೇಳಿ ತೆಗೆದುಕೊಳ್ಳುವಷ್ಟು ಕೆಳಗಿಳಿಯಬೇಡ, ಅವರಿಗೆ ಬೇಡವಾದರೆ ನಮಗೂ ಬೇಡ ಎಂದ. ಗಂಡ ತನ್ನ ಮಾನ ಕಾಯುತ್ತಿದ್ದಾನೆ ಎಂದೇ ಅವಳು ತಿಳಿದಳು. ಅಂದು ಅವಳು ಊಟ ಮಾಡಲಿಲ್ಲ. ಸರಣ್ಯಾ ತಟ್ಟೆ ಹಿಡಿದು ಬಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋದಳು.

ಪೊಂಗಲ್ ಕಳೆದು ತಿಂಗಳ ಮೇಲೆ, ಮಾಸಿ ತಿಂಗಳ ಒಂದು ಗುರುವಾರ, ಹೆಂಗಸರ ಸ್ವಸಹಾಯ ಗುಂಪಿಗೆ ನಿವೇತಾ ಎಂಬ ಕಾಲೇಜು ಹುಡುಗಿ ಬಂದು ಫೋನ್ ಪಾಠ ಮಾಡಿದಳು. ಡೇಟಾ ಉಳಿಸುವುದು, ಸಿಗ್ನಲ್ ಸರಿಪಡಿಸುವುದು, ಮೋಸದ ಲಿಂಕ್ ಒತ್ತದಿರುವುದು. ಚಿನ್ನಮ್ಮಾಳ್ ಅರ್ಧಕ್ಕರ್ಧ ಮೊದಲೇ ಬಲ್ಲವಳು, ಪಕ್ಕದವಳಿಗೆ ಪಿಸುದನಿಯಲ್ಲಿ ಹೇಳಿಕೊಡುತ್ತಿದ್ದಳು. ಕೊನೆಯಲ್ಲಿ ನಿವೇತಾ, ಬೇಡದ ಕರೆಗಳನ್ನು ಬ್ಲಾಕ್ ಮಾಡುವುದು ಗೊತ್ತಲ್ಲ, ಆದರೆ ಆಗಾಗ ಆ ಪಟ್ಟಿ ತೆರೆದೂ ನೋಡಬೇಕು, ಗ್ಯಾಸಿನವರದೋ ಆಸ್ಪತ್ರೆಯದೋ ನಂಬರ್ ಕೈತಪ್ಪಿ ಅದರೊಳಗೆ ಸೇರಿರುತ್ತದೆ ಎಂದಳು. ಎಲ್ಲರೂ ತೆರೆದರು.

ಚಿನ್ನಮ್ಮಾಳ ಪಟ್ಟಿಯಲ್ಲಿ ಇದ್ದದ್ದು ಒಂದೇ ನಂಬರು. ಅದರ ಕೊನೆಯ ನಾಲ್ಕು ಅಂಕಿ ಅವಳಿಗೆ ಬಾಯಿಪಾಠ.

ಅವಳು ನಿವೇತಾಳನ್ನು ಕರೆದು ತೋರಿಸಿದಳು. ಕೈತಪ್ಪಿ ಒತ್ತಿರಬೇಕು ಅಮ್ಮಾ ಎನ್ನುತ್ತ ಆ ಹುಡುಗಿ ಇನ್ನೊಂದು ಗುರುತು ಒತ್ತಿದಳು. ತಡೆದು ನಿಲ್ಲಿಸಿದ ಕರೆಗಳೆಲ್ಲ ತಾರೀಖಿನ ಸಮೇತ ಸಾಲಾಗಿ ಬಂದವು. ಕಾರ್ತಿಗೈ ದೀಪದ ದಿನ ಎರಡು. ಪೊಂಗಲ್‌ಗೆ ಹಿಂದಿನ ವಾರದಲ್ಲಿ ದಿನಕ್ಕೊಂದು. ಪೊಂಗಲ್ ಬರುವ ತೈ ತಿಂಗಳ ಕೊನೆಯಲ್ಲಿ, ಒಂದು ಬೆಳಗಿನ ಜಾವ, ನಾಲ್ಕೂ ಮುಕ್ಕಾಲಿಗೆ ಒಂದು. ಅದಾದ ಮೇಲೆ ಏನೂ ಇಲ್ಲ.

ನಿವೇತಾ ತಡೆ ತೆಗೆದುಕೊಟ್ಟಳು. ಚಿನ್ನಮ್ಮಾಳ್ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಅಣ್ಣನಿಗೆ ಫೋನ್ ಮಾಡಿದಳು. ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಈ ಸಲ ಅತ್ತಿಗೆ ಎತ್ತಿದಳು. ಕಲ್ಯಾಣಕ್ಕೇ ಬಾರದವರು ಈಗ ಯಾಕೆ ಫೋನ್ ಮಾಡಿದ್ದೀರಿ ಎಂದು ಕೇಳಿ ಇಟ್ಟುಬಿಟ್ಟಳು. ಯಾರ ಕಲ್ಯಾಣ ಎಂದು ಕೇಳುವಷ್ಟೂ ಸಮಯ ಸಿಗಲಿಲ್ಲ. ಆದರೆ ಆ ಮನೆಯಲ್ಲಿ ಕಲ್ಯಾಣಕ್ಕಿದ್ದವನು ಒಬ್ಬನೇ.

ಅಣ್ಣನ ಮಗನ ಮದುವೆಯಲ್ಲಿ ಅತ್ತೆ ಮಾಡಬೇಕಾದ ಕೆಲಸಗಳಿರುತ್ತವೆ. ತಾಳಿಯ ಮೂರನೆಯ ಗಂಟು ಹಾಕುವವಳು ಅತ್ತೆ. ಅವಳಿಲ್ಲದಿದ್ದರೆ ಇಡೀ ಚಪ್ಪರ ಕೇಳುತ್ತದೆ. ಊರಿನಿಂದ ಮದುವೆಗೆ ಹೋಗಿ ಬಂದ ನಂಟರು ಇಷ್ಟು ದಿನ ತನ್ನೆದುರು ಯಾಕೆ ಮಾತು ಹಾರಿಸುತ್ತಿದ್ದರೆಂದು ಅವಳಿಗೆ ಈಗ ತಿಳಿಯಿತು. ಅಣ್ಣ ತಂಗಿಗೆ ಮುನಿಸು ಎಂದು ಅವರೆಲ್ಲ ತಿಳಿದಿದ್ದರು.

ಮನೆಗೆ ಬಂದು ಅವಳು ಯಾರನ್ನೂ ಏನೂ ಕೇಳಲಿಲ್ಲ. ಹಿಟ್ಟು ಕಲಸಿದಳು, ಚಟ್ನಿ ಅರೆದಳು. ಏಳು ಗಂಟೆಗೆ ಪಾಠ ಮುಗಿಸಿ ಸರಣ್ಯಾ ಬಂದು ಕೂತಳು. ರಾಮರನೂ ಕೂತ. ಕಾಮಾಕ್ಷಿಯಮ್ಮಾಳ್‌ಗೆ ದೋಸೆ ಚೂರು ಮಾಡಿ ಹಾಲಿನಲ್ಲಿ ನೆನೆಸಿಕೊಟ್ಟದ್ದಾಯಿತು. ಮೂರನೆಯ ದೋಸೆ ಹಾಕುವಾಗ ಚಿನ್ನಮ್ಮಾಳ್ ಹೆಂಚಿನ ಕಡೆಗೇ ನೋಡುತ್ತ ಕೇಳಿದಳು.

"ಅಣ್ಣನ ನಂಬರ್ ಬ್ಲಾಕ್ ಮಾಡ್ದೋರು ಯಾರು?"

ಸರಣ್ಯಾಳ ಕೈ ತಟ್ಟೆಯಲ್ಲೇ ನಿಂತಿತು. "ನಾನೇ," ಎಂದಳು, ಎಂದೂ ಇಲ್ಲದೆ ಕನ್ನಡದಲ್ಲಿ.

"ಕೈತಪ್ಪಿ ಒತ್ತಿದ್ಯಾ?"

"ಇಲ್ಲಮ್ಮಾ. ತಿಳಿದೇ ಮಾಡ್ದೆ."

ದೋಸೆ ಸೀದುಹೋಯಿತು. ಚಿನ್ನಮ್ಮಾಳ್ ಒಲೆ ಆರಿಸಿದಳು.

ಸರಣ್ಯಾ ಆಮೇಲೆ ತಮಿಳಿನಲ್ಲಿ ಒಂದೇ ಸಮನೆ ಮಾತಾಡಿದಳು. ಅಜಿತ್ ತನಗೆ ಬೇಡವೆಂದು ಎರಡು ಸಲ ಹೇಳಿದ್ದೆ ಎಂದಳು. ಮೊದಲ ಸಲ ಅಮ್ಮ ನಕ್ಕು, ಎಲ್ಲ ಹುಡುಗಿಯರೂ ಮೊದಲು ಹಾಗೇ ಅನ್ನುವುದು ಎಂದಿದ್ದಳು. ಎರಡನೆಯ ಸಲ ಎರಡು ದಿನ ಅನ್ನ ಬಿಟ್ಟು ಮಲಗಿದ್ದಳು. ಮೂರನೆಯ ಸಲ ಹೇಳಲು ತನಗೆ ಧೈರ್ಯ ಬರಲಿಲ್ಲ. ಮಾಮ ದಿನ ಗೊತ್ತುಮಾಡಿ ಫೋನ್ ಮಾಡುವ ಹೊತ್ತಾಗಿತ್ತು. ನಾಲ್ಕು ದಿನ ಮಾತು ನಿಂತರೆ ವಿಷಯ ತಣ್ಣಗಾಗುತ್ತದೆ ಎಂದುಕೊಂಡೆ ಎಂದಳು.

"ನಾಲ್ಕು ದಿನ," ಎಂದಳು ಚಿನ್ನಮ್ಮಾಳ್. "ನಾಲ್ಕು ತಿಂಗಳಾಯ್ತು."

"ಅವಳನ್ನ ಬೈಬೇಡ," ಎಂದ ರಾಮರ್. "ನಾನೇ ಹೇಳಿ ಮಾಡ್ಸಿದ್ದು."

ಅವನು ಇನ್ನೂ ತಿನ್ನುತ್ತಿದ್ದ. ಹುಡುಗಿ ನನ್ನ ಹತ್ತಿರ ಬಂದು ಅತ್ತಳು, ನೀನು ಯಾರ ಮಾತೂ ಕೇಳುವವಳಲ್ಲ, ನಿನ್ನಣ್ಣನ ಮುಖಕ್ಕೆ ಬೇಡ ಅನ್ನಲು ನನಗೂ ಆಗಲಿಲ್ಲ ಎಂದ. ಮಲ್ಲಯ್ಯ ನನಗೆ ಫೋನ್ ಮಾಡಿದಾಗ, ಅವಳಿಗೆ ಮನಸ್ಸು ಸರಿಯಿಲ್ಲ, ಸ್ವಲ್ಪ ದಿನ ಬಿಡಿ ಅಂದೆ. ಅವರೇ ಬೇರೆ ಕಡೆ ಹೆಣ್ಣು ನೋಡಿದರು. ಎಲ್ಲರಿಗೂ ಒಳ್ಳೆಯದೇ ಆಯಿತು ಎಂದ.

ಹುಡುಗನಿಗೆ ಬೇರೆ ಹೆಣ್ಣು ಗೊತ್ತಾದ ಮೇಲೂ ಯಾಕೆ ಬ್ಲಾಕ್ ತೆಗೆಯಲಿಲ್ಲ ಎಂದು ಚಿನ್ನಮ್ಮಾಳ್ ಕೇಳಿದಳು. ಸರಣ್ಯಾ ತಂದೆಯ ಮುಖ ನೋಡಿದಳು. ನಾನು ತೆಗೆಯುತ್ತೇನೆಂದೆ, ಮದುವೆಗೆ ಹೋದರೆ ಅಲ್ಲಿ ಎಲ್ಲ ಹೊರಗೆ ಬರುತ್ತದೆ, ಮುಗಿಯಲಿ ಎಂದು ಅಪ್ಪ ಅಂದರು ಎಂದಳು.

ಕಾಮಾಕ್ಷಿಯಮ್ಮಾಳ್ ಹಾಲಿನ ಬಟ್ಟಲು ಕೆಳಗಿಟ್ಟು ಕೇಳಿದಳು, "ಪತ್ರಿಕೆ ತೋರ್ಸಿದ್ರಾ ಇವ್ಳಿಗೆ?"

ಯಾವ ಪತ್ರಿಕೆ ಎಂದು ಚಿನ್ನಮ್ಮಾಳ್ ಕೇಳಬೇಕಾಗಲಿಲ್ಲ. ಮುದುಕಿ ತಾನೇ ಹೇಳಿದಳು. ಪೊಂಗಲ್‌ಗೆ ಮುಂಚೆ, ಕಣ್ಣು ತೋರಿಸಲು ಚಿನ್ನಮ್ಮಾಳ್ ತೇನಿಗೆ ಹೋಗಿದ್ದ ದಿನ ಮಲ್ಲಯ್ಯನೂ ಅವನ ಹೆಂಡತಿಯೂ ತಾಂಬೂಲದ ತಟ್ಟೆ ಹಿಡಿದು ಬಂದಿದ್ದರು. ಎರಡು ಗಂಟೆ ಜಗಲಿಯ ಮೇಲೆ ಕೂತಿದ್ದರು. ಪತ್ರಿಕೆ ಭತ್ತದ ಕಣಜದ ಹಿಂದೆ ಇದೆ.

ಚಿನ್ನಮ್ಮಾಳ್ ಹೋಗಿ ತೆಗೆದು ತಂದಳು. ಅರಿಸಿನ ಹಚ್ಚಿದ ಮೂಲೆ ಹಾಗೇ ಇತ್ತು. ಒಳಗೆ ಆಹ್ವಾನಿಸುವವರ ಸಾಲಿನಲ್ಲಿ ಅತ್ತೆ ಎಂದು ಅವಳ ಹೆಸರು ಅಚ್ಚಾಗಿತ್ತು. ಮುಹೂರ್ತ ಬೆಳಗಿನ ಜಾವ ಐದರಿಂದ ಆರು. ಆ ನಾಲ್ಕೂ ಮುಕ್ಕಾಲರ ಕರೆ ಯಾವುದೆಂದು ಅವಳಿಗೆ ಆಗ ತಿಳಿಯಿತು.

"ನೀವೂ ಹೇಳ್ಲಿಲ್ವಲ್ಲ ಅತ್ತೆ," ಎಂದಳು.

"ನನ್ನ ಯಾರು ಕೇಳ್ದೋರು," ಎಂದಳು ಮುದುಕಿ. "ಮಗನ ಮನೇಲಿ ಇರೋಳು ನಾನು."

ಮುಂದಿನ ಹತ್ತು ದಿನ ಮನೆಯಲ್ಲಿ ಅಡುಗೆ ತಪ್ಪಲಿಲ್ಲ. ಕಾಫಿ, ತಿಂಡಿ, ಊಟ ಹೊತ್ತಿಗೆ ಸರಿಯಾಗಿ ಮುಂದೆ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ರಾಮರ್ ಎರಡು ಸಲ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ನೋಡಿದ. ಅವಳು ಉಪ್ಪಿನ ಡಬ್ಬಿ ಅವನ ಪಕ್ಕದಲ್ಲಿಟ್ಟು ಹೋದಳು. ಸರಣ್ಯಾ ಪಾಠದ ನಡುವೆಯೇ ಎದ್ದು ಬಂದು ಪಾತ್ರೆ ತೊಳೆದಿಡುತ್ತಿದ್ದಳು. ಚಿನ್ನಮ್ಮಾಳ್ ಅವನ್ನು ಮತ್ತೊಮ್ಮೆ ತೊಳೆಯುತ್ತಿರಲಿಲ್ಲ, ಒಂದು ಮಾತು ಹೇಳುತ್ತಲೂ ಇರಲಿಲ್ಲ. ಮಗಳ ತಪ್ಪಿನಲ್ಲಿ ತನ್ನ ಪಾಲೂ ಇದೆಯೆಂದು ಅವಳಿಗೆ ಗೊತ್ತಿತ್ತು. ಆ ಎರಡು ದಿನದ ಉಪವಾಸ ಅವಳಿಗೂ ನೆನಪಿತ್ತು. ಆದರೆ ಪೊಂಗಲ್ ದಿನ ತಾನು ಹೊಸ್ತಿಲಲ್ಲಿ ಕೂತು ಬೀದಿ ನೋಡುತ್ತಿದ್ದಾಗ, ಅಣ್ಣ ಯಾಕೆ ಬರಲಿಲ್ಲವೆಂದು ತಿಳಿದ ಮೂರು ಜನ ಒಳಗೆ ಓಡಾಡುತ್ತಿದ್ದರು. ಅದನ್ನು ನುಂಗಲು ಆಗುತ್ತಿರಲಿಲ್ಲ.

ಹನ್ನೊಂದನೆಯ ದಿನ ಅವಳು ತೇನಿಗೆ ಹೋಗಿ, ಅಲ್ಲಿಂದ ಪೆರಿಯಕುಳಂ ಮೇಲೆ ದಿಂಡಿಗಲ್ ಬಸ್ ಹತ್ತಿದಳು. ಮಧ್ಯಾಹ್ನ ಅಣ್ಣನ ಮನೆ ಮುಟ್ಟಿದಳು.

ಮಲ್ಲಯ್ಯ ಜಗಲಿಯ ಮೇಲಿದ್ದ. ಎದ್ದು ನಿಂತು, "ವಾಂಗ, ಉಕ್ಕಾರುಂಗ," ಎಂದ. ಬನ್ನಿ, ಕೂತುಕೊಳ್ಳಿ. ಹುಟ್ಟಿದಾಗಿನಿಂದ ಕನ್ನಡದಲ್ಲಿ ನೀನು ತಾನು ಎಂದವನು, ಹೊರಗಿನವರ ಜೊತೆ ಆಡುವ ಹಾಗೆ ತಮಿಳಿನಲ್ಲಿ ಬಹುವಚನ ಹಾಕಿದ. ಚಿನ್ನಮ್ಮಾಳ್ ಕೂರಲಿಲ್ಲ. ನಿಂತಲ್ಲೇ ನಡೆದದ್ದನ್ನು ಬಿಡದೆ ಹೇಳಿದಳು. ಮಗಳ ಹೆಸರನ್ನೂ ಮುಚ್ಚಲಿಲ್ಲ, ಗಂಡನದನ್ನೂ ಮುಚ್ಚಲಿಲ್ಲ.

ಅವನು ನಂಬಲಿಲ್ಲ. ನಾನು ಮಾಡಿದಾಗೆಲ್ಲ ನೀವು ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದಿರಿ, ಫೋನಿನಲ್ಲಿ ಹಾಗೇ ಹೇಳುತ್ತಿತ್ತು ಎಂದ. ಪತ್ರಿಕೆ ಕೊಡಲು ಬಂದ ದಿನ ರಾಮರ್ ಏನು ಹೇಳಿದ ಎಂಬುದನ್ನೂ ಹೇಳಿದ.

ನಾವು ಬರುತ್ತೇವೆಂದು ತಿಳಿದೇ ನೀವು ತೇನಿಗೆ ಹೋದಿರಿ, ನಮ್ಮ ಮುಖ ನೋಡುವುದಿಲ್ಲ ಅಂದಿರಿ ಎಂದು ನಿಮ್ಮ ಮನೆಯವರೇ, ಮಚ್ಚಾನೇ ಹೇಳಿದರು ಎಂದ.

ಇದು ಅವಳಿಗೆ ಗೊತ್ತಿರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಅಂದೇ ಹೋಗೆಂದು ಬೆಳಿಗ್ಗೆ ಆತುರಪಡಿಸಿ ಬಸ್ ಹತ್ತಿಸಿದವನು ರಾಮರನೇ. ಅವಳು ಜಗಲಿಯ ಕಂಬ ಹಿಡಿದುಕೊಂಡು ಕೂತಳು.

ಕಾಫಿ ತಂದ ಹೊಸ ಸೊಸೆ ಮಣಿಮೇಗಲೈ ಎಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಲೋಟ ಇಟ್ಟು, ಮಾವನ ಫೋನ್ ಕೇಳಿ ತೆಗೆದುಕೊಂಡು ಅದರಲ್ಲಿ ಏನೋ ಒತ್ತಿ ಅವನ ಅಂಗೈಯಲ್ಲೇ ಇಟ್ಟಳು. ಆಮೇಲೆ ಚಿನ್ನಮ್ಮಾಳ್‌ಗೆ, ಈಗ ನಿಮ್ಮ ಫೋನಿನಿಂದ ಮಾಮನಿಗೆ ಮಾಡಿ ಎಂದಳು.

ಚಿನ್ನಮ್ಮಾಳ್ ಒತ್ತಿ ಕಿವಿಗಿಟ್ಟಳು. ಒಂದು ಸಲ ರಿಂಗಾಯಿತು, ಕಟ್ಟಾಯಿತು. ನೀವು ಕರೆದವರು ಬೇರೆ ಕರೆಯಲ್ಲಿದ್ದಾರೆ ಎಂದು ಒಂದು ಹೆಣ್ಣು ದನಿ ತಮಿಳಿನಲ್ಲಿ ಹೇಳಿತು. ಮಲ್ಲಯ್ಯನ ಅಂಗೈಯಲ್ಲಿದ್ದ ಫೋನು ಮಿಣುಕಲೂ ಇಲ್ಲ, ಅಲುಗಲೂ ಇಲ್ಲ.

"ಇನ್ನೊಂದ್ ಸಲ ಮಾಡು," ಎಂದ ಮಲ್ಲಯ್ಯ.

ಅವಳು ಮಾಡಿದಳು. ಅವನು ಫೋನನ್ನೇ ನೋಡುತ್ತ ಕೂತ. ನಾಲ್ಕು ತಿಂಗಳು ತಂಗಿಯ ಕೈಯಲ್ಲಿ ಏನಿತ್ತೆಂದು ಅವನು ನೋಡಿದ, ಅಣ್ಣನ ಕಿವಿಗೆ ಏನು ಬಿದ್ದಿತ್ತೆಂದು ಅವಳು ಕೇಳಿದಳು. ಮಣಿಮೇಗಲೈ ತಡೆ ತೆಗೆದು ಒಳಗೆ ಹೋದಳು.

"ಕಾಪಿ ಆರ್ತದೆ, ಕುಡಿ," ಎಂದ ಮಲ್ಲಯ್ಯ. ಅವಳು ಲೋಟ ಎತ್ತಿಕೊಂಡ ಮೇಲೆ, "ತಾಲಿ ಕಟ್ಟೋ ಮುಂಚೆ ಕೂಡ ಒಂದ್ ಸಲ ಮಾಡ್ದೆ," ಎಂದ.

"ನೋಡ್ದೆ ಅಣ್ಣೆ," ಎಂದಳು ಅವಳು.

ಹೊರಡುವ ಮುಂಚೆ ಅವಳು ಹೊಸ ಜೋಡಿಯನ್ನು ಮದುವೆಯ ವಿರುಂದಿನ ಔತಣಕ್ಕೆ ಕರೆದಳು. ಬರುವ ಭಾನುವಾರ ಅಣ್ಣ, ಅತ್ತಿಗೆ, ಮಗ, ಸೊಸೆ ನಾಲ್ವರೂ ಚಿನ್ನಮನೂರಿಗೆ ಊಟಕ್ಕೆ ಬರಬೇಕು. ಅತ್ತಿಗೆ ಮುಖ ತಿರುಗಿಸಿದಳು. ಮಲ್ಲಯ್ಯ ಬರುತ್ತೇವೆ ಎಂದ.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ರಾಮರ್, ಭಾನುವಾರ ತನಗೆ ಕಂಬಂನಲ್ಲಿ ಗೊಬ್ಬರದ ಕೆಲಸವಿದೆ ಎಂದ.

"ಹೋಗಿ," ಎಂದಳು ಚಿನ್ನಮ್ಮಾಳ್. "ನಿಮ್ಮ ಎಲೆ ಹಾಕಿ ಖಾಲಿ ಬಿಟ್ಟಿರ್ತೀನಿ. ಬಂದೋರು ನೋಡ್ಲಿ."

ಅವನು ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಚಿನ್ನಮ್ಮಾಳ್ ನಾಟಿ ಕೋಳಿಯ ಮಸಾಲೆ ಅರೆದಳು. ಸರಣ್ಯಾ ಅಂದಿನ ಪಾಠಗಳನ್ನು ಬಿಟ್ಟು ಈರುಳ್ಳಿ ಬಿಡಿಸಿದಳು, ವಡೆ ತಟ್ಟಿದಳು, ತೋಟದಿಂದ ಎಲೆ ಕೊಯ್ದು ತಂದು ಒರೆಸಿದಳು. ಹನ್ನೊಂದಕ್ಕೆ ಬಂದವರನ್ನು ರಾಮರ್ ಬಾಗಿಲಲ್ಲಿ ನಿಂತು ಬರಮಾಡಿಕೊಂಡ. ಕೈಮುಗಿದವನು ಮುಗಿದ ಕೈ ಇಳಿಸಲಿಲ್ಲ.

"ತಪ್ಪಾಯ್ತು ಮಚ್ಚಾನ್. ಮನಸ್ಸಲ್ಲಿ ಇಟ್ಕೋಬೇಡಿ."

ಮಲ್ಲಯ್ಯ ಅವನ ಕೈಗಳನ್ನು ಹಿಡಿದು ಕೆಳಗಿಳಿಸಿದ. ಹೊಸ ಸೊಸೆಯ ಎದುರು ಅದೆಲ್ಲ ಬೇಡ ಎಂದ.

ಎಲೆಯ ಮುಂದೆ ಕೂತಾಗ ಬಡಿಸುತ್ತಿದ್ದ ಸರಣ್ಯಾ ಕೋಳಿಯ ಪಾತ್ರೆ ಹಿಡಿದು ಮಾಮನ ಮುಂದೆ ನಿಂತುಬಿಟ್ಟಳು. ತಡವರಿಸುತ್ತ ಕನ್ನಡದಲ್ಲೇ ಹೇಳಿದಳು. "ಮಾಮಾ, ತಪ್ಪು ನಂದು. ನಿಮ್ಮ ಮನೆ ಬೇಡಾಂತ ಅಲ್ಲ. ಕಲ್ಯಾಣ ಬೇಡಾಂತ."

ಪಕ್ಕದಲ್ಲಿದ್ದ ಅಜಿತ್‌ಕುಮಾರ್ ತಲೆಯೆತ್ತದೆ ತಮಿಳಿನಲ್ಲಿ ಹೇಳಿದ, ನನ್ನ ನಂಬರ್ ನಿನ್ನ ಹತ್ತಿರ ಇತ್ತಲ್ಲ, ಒಂದು ಮೆಸೇಜ್ ಹಾಕಿದ್ದರೆ ನಾನೇ ಅಪ್ಪನಿಗೆ ಬೇಡ ಅಂದುಬಿಡುತ್ತಿದ್ದೆ, ನನಗೂ ಇಷ್ಟವಿರಲಿಲ್ಲ. ಮಣಿಮೇಗಲೈ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅತ್ತಿಗೆಗೂ ನಗು ತಡೆಯಲಾಗಲಿಲ್ಲ. ಮಲ್ಲಯ್ಯ ಎಲೆಯ ಮೇಲೆ ಜಾಗ ಮಾಡಿ, "ಹಾಕು, ನಿಂತ್ಕೊಂಡೇ ಇದ್ದೀಯಲ್ಲ," ಎಂದ. ಅಲ್ಲಿಂದ ಮಾತು ಸಲೀಸಾಯಿತು. ಕಾಮಾಕ್ಷಿಯಮ್ಮಾಳ್ ಹೊಸ ಸೊಸೆಯ ಗಲ್ಲ ಹಿಡಿದು ಅವಳ ಊರು, ಅವಳ ತಾಯಿಯ ಊರು ಎಲ್ಲ ಕೇಳಿದಳು. ಪಾಯಸ ಎರಡನೆಯ ಸಲ ಬಂತು. ಚಿನ್ನಮ್ಮಾಳ್ ಸೊಸೆಗೆ ಚಿನ್ನಾಳಪಟ್ಟಿಯದೇ ಸೀರೆ ಉಡುಗೊರೆ ಕೊಟ್ಟು, ನಿಮ್ಮೂರಿನದನ್ನೇ ನಿಮಗೆ ಕೊಡುತ್ತಿದ್ದೇನೆ ಎಂದು ನಕ್ಕಳು. ಮೂರೂವರೆಯ ಬಸ್ಸಿಗೆ ಅವರು ಹೊರಟರು.

ಕಳಿಸಿ ಬಂದು ರಾಮರ್ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ಬಹಳ ದಿನಗಳ ಮೇಲೆ ಅವನ ಮುಖ ಸಡಿಲವಾಗಿತ್ತು. ಸರಣ್ಯಾ ಒಳಗೆ ನೆಲ ಒರೆಸುತ್ತಿದ್ದಳು. ಚಿನ್ನಮ್ಮಾಳ್ ಎಂಜಲೆಲೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು.

"ಎಲ್ಲಾ ಸರಿಹೋಯ್ತಲ್ಲ," ಎಂದ ರಾಮರ್.

ಅವಳು ಕೈಯಲ್ಲಿದ್ದ ಎಲೆಯನ್ನು ಮಡಿಸಿ ಬುಟ್ಟಿಗೆ ಹಾಕಿದಳು. "ಅಣ್ಣನ ಹತ್ರ ನೀವೂ ತಪ್ಪಾಯ್ತು ಅಂದ್ರಿ, ಅವ್ಳೂ ಅಂದ್ಲು. ಅವನು ಬಿಟ್ಟ. ನನ್ನ ಹತ್ರ ಇನ್ನೂ ಯಾರೂ ಅನ್ಲಿಲ್ಲ."

ರಾಮರನ ದವಡೆ ನಿಂತಿತು. ಒಳಗೆ ನೆಲ ಒರೆಸುವ ಸದ್ದೂ ನಿಂತಿತು. ಸರಣ್ಯಾ ಒದ್ದೆ ಬಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು, "ಅಮ್ಮಾ," ಎಂದಳು.

"ಇವತ್ತು ಬೇಡ," ಎಂದಳು ಚಿನ್ನಮ್ಮಾಳ್. "ನಾನಾಗಿ ಬಾಯಿಬಿಟ್ಟು ಕೇಳಿದ ಮೇಲೆ ಅಂದ್ರೆ ನಂಗೆ ಬೇಡ. ನಿಮಗೇ ಯಾವತ್ತಾದ್ರೂ ಅನ್ನಬೇಕು ಅನ್ಸಿದ್ರೆ ಅನ್ನಿ."

ಅವಳು ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು, ಹಸುವಿಗೆ ಎಲೆ ಹಾಕಲು ಹಿತ್ತಲಿಗೆ ಹೋದಳು.